ನಿಂತು ಮಾಡುವ ಒಲೆ

ಸೀಗೆ ಹುಣ್ಣಿಮೆಯ ಹಿಂದಿನ ದಿನ. ಬನವಾಸಿಯ ಕೆಳಗಿನ ಬಯಲಿನಲ್ಲಿ ಭತ್ತ ತೆನೆ ಬಿಚ್ಚಿ, ಕಾಳಿನೊಳಗೆ ಹಾಲು ತುಂಬುತ್ತಿತ್ತು. ಅಂದಾನಪ್ಪ ಬೆಳಗಿನಿಂದ ಬದುವಿನ ಹುಲ್ಲು ಸವರುತ್ತಿದ್ದ. ನಾಳೆ ಎಡೆಯ ಬುಟ್ಟಿ ಹೊತ್ತು ಇದೇ ಬದುವಿನ ಮೇಲೆ ನಡೆಯಬೇಕು. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟವನ್ನು ಗದ್ದೆಗೆ ಒಯ್ದು ಚೆಲ್ಲುವ ಹಬ್ಬ ಅದು. ಹಿತ್ತಲಿನಲ್ಲಿ ಆಳು ಹೆಂಗಸು ನಾಗಿ ಅಕ್ಕಿ ಕುಟ್ಟುವ ಒನಕೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು.

ಅಡಿಗೆಮನೆಯಲ್ಲಿ ಅಂದಾನಪ್ಪನ ಅಕ್ಕ ಮುರಿಗೆವ್ವ ನಿಂತುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಭತ್ತದ ಪೆಟ್ಟಿಗೆಯ ಮೇಲೆ ಹಾಸುಗಲ್ಲು, ಅದರ ಮೇಲೆ ಇದ್ದಿಲಿನ ಶೇಗಡಿ, ಶೇಗಡಿಯ ಮೇಲೆ ಅಂಗೈಯಗಲದ ಹೆಂಚು. ಇಲ್ಲಿ ಒಂದು ರೊಟ್ಟಿ ಬೇಯುವ ಹೊತ್ತಿಗೆ ನೆಲದ ಒಲೆಯಲ್ಲಾದರೆ ಒಂದು ಬುಟ್ಟಿ ತುಂಬುತ್ತಿತ್ತು. ನೆಲದ ಒಲೆ ಅವಳ ಕಾಲ ಬುಡದಲ್ಲೇ ಬೂದಿ ಮುಚ್ಚಿಕೊಂಡು ಮಲಗಿತ್ತು. ಅದರ ಮುಂದೆ ಅವಳು ಕೂರುವ ಹಾಗಿರಲಿಲ್ಲ.

ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು ಅವಳು. ಬಂದ ಮರುದಿನವೇ ಆ ಒಲೆಯ ಮುಂದೆ ಕುಳಿತಿದ್ದಳು. ತಾಯಿ ಹೋದಳು, ತಂದೆ ಹೋದ, ತಮ್ಮನ ಮದುವೆಯಾಯಿತು, ತಮ್ಮನ ಹೆಂಡತಿ ಪಾರ್ವತವ್ವ ಬಂದಳು. ಮುರಿಗೆವ್ವ ಮಾತ್ರ ಒಲೆ ಬಿಟ್ಟು ಎದ್ದಿರಲಿಲ್ಲ. ಯಾರೂ ಹೇಳಿಕೊಡದೆ ಅವಳೇ ಮಾಡಿಕೊಂಡ ಕಟ್ಟಳೆ ಅದು: ಈ ಮನೆಯ ರೊಟ್ಟಿ ತನ್ನ ಕೈಯಿಂದ ಆಗುವತನಕ ತಾನು ಈ ಮನೆಯವಳು. ಒಮ್ಮೆ ನಾಗಿಯ ಹತ್ತಿರ ಬಾಯಿಬಿಟ್ಟು ಅಂದೂ ಇದ್ದಳು, "ನನ್ನ ಕೈ ನಿಂತ ದಿನ ನಾ ಇಲ್ಲಿ ಬಿಟ್ಟಿ ಕೂಳಿನಾಕಿ ನೋಡು."

ಕೈ ನಿಲ್ಲಲಿಲ್ಲ, ಕಾಲು ನಿಂತಿತು. ಹಿಂದಿನ ಸುಗ್ಗಿಯಲ್ಲಿ ಹುಲ್ಲಿನ ಬಣವೆ ಒಟ್ಟುವಾಗ ಆಕಾಶ ಕಪ್ಪಾಗಿತ್ತು. ಮೇಲೆ ನಿಂತು ತುಳಿಯುವ ಆಳು ಜ್ವರ ಬಂದು ಮಲಗಿದ್ದ. "ಅಕ್ಕಾ, ನೀನ ಹತ್ತು. ಲಗೂನ, ಮಳಿ ಬಂತು," ಎಂದು ಅಂದಾನಪ್ಪ ಏಣಿ ಹಿಡಿದ. ಅವಳು ಹತ್ತಿದಳು, ತುಳಿದಳು, ಕೊನೆಯ ಹೊರೆಗೆ ಕಾಲು ಜಾರಿ ಕಣದ ಗಟ್ಟಿನೆಲಕ್ಕೆ ಬಿದ್ದಳು. ತೊಡೆಯ ಮೂಳೆ ಸೊಂಟಕ್ಕೆ ಕೂಡುವಲ್ಲಿ ಮುರಿಯಿತು. ಎಲುಬು ಕೂಡಿಸುವ ದಾಸನಕೊಪ್ಪದ ಚೌಡ ಬಂದು ಬಿದಿರಿನ ದಬ್ಬೆ ಕಟ್ಟಿದ. ಚಳಿಗಾಲ ಮುಗಿದರೂ ಮೂಳೆ ಕೂಡಲಿಲ್ಲ. ಕೊನೆಗೆ ಅಂದಾನಪ್ಪ ಎಡಗಡೆಯ ಎತ್ತನ್ನು ಮಾರಿ, ಸಿರ್ಸಿಯ ಶಫಿಯ ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು, ಹುಬ್ಬಳ್ಳಿಯಾಚೆಯ ಮಿಶನ್ ಆಸ್ಪತ್ರೆಗೆ ಒಯ್ದಿದ್ದ.

ಅಲ್ಲಿಯ ಡಾಕ್ಟರು ಸತ್ತುಹೋದ ಮೂಳೆಯ ಗುಂಡನ್ನು ತೆಗೆದು ಉಕ್ಕಿನ ಗುಂಡು ಕೂರಿಸಿದ್ದರು. ಹಾಕುವ ಮೊದಲು ಅದನ್ನು ತೋರಿಸಿಯೂ ಇದ್ದರು. ಮಜ್ಜಿಗೆ ಕಡೆಯುವ ಕಡಗೋಲಿನ ಮರಿಯಂತಿತ್ತು. ಮೇಲೆ ನುಣ್ಣಗಿನ ಗುಂಡು, ಕೆಳಗೆ ಮೂಳೆಯೊಳಗೆ ಇಳಿಯುವ ಚೂಪು ಹಿಡಿ.

"ನಡೀಬಹುದು, ನಿಂದರಬಹುದು," ಎಂದಿದ್ದರು ಡಾಕ್ಟರು. "ಆದರ ತಾಯಿ, ಕುಕ್ಕರಗಾಲಿಲೆ ಕೂಡಬ್ಯಾಡ್ರಿ. ಚಕ್ಕಂಬಕ್ಕಳ ಹಾಕಬ್ಯಾಡ್ರಿ. ನೆಲಕ್ಕ ಕೂಡೋದು ಇವತ್ತಿಗೆ ಮುಗೀತು ಅನ್ನರಿ. ಮಣಕಾಲು ಎದಿಗೆ ಬಂತಂದ್ರ ಗುಂಡು ಹಿಂದಕ್ಕ ಜಾರತೈತಿ."

"ಮತ್ತ ಒಲಿ ಮುಂದ ಹ್ಯಾಂಗ್ರಿ?"

"ನಿಂತು ಮಾಡೂ ಒಲಿ ಕಟ್ಟಿಸ್ರಿ. ನಡುಮಟ್ಟ."

ಹಾಸಿಗೆಯ ಪಕ್ಕ ಕುಳಿತಿದ್ದ ಅಂದಾನಪ್ಪ ಆಗ ಅವಳ ಕೈ ಹಿಡಿದುಕೊಂಡಿದ್ದ. "ಕೇಳಿಲ್ಲಿ ಅಕ್ಕಾ. ಬಣವಿ ಹತ್ತಿಸಿದಾಂವ ನಾನು. ನಿನ್ನ ಕಾಲಿನ ಋಣ ನನ್ನ ಮ್ಯಾಲೈತಿ. ಒಲಿ ನಾ ಕಟ್ಟಿಸಿಕೊಡ್ತೇನಿ."

ಮಾತು ಸುಳ್ಳಾಗಿರಲಿಲ್ಲ. ನಟ್ಟಿ ಮುಗಿದ ಮೇಲೆ ಗೌಂಡಿ ಬಸಪ್ಪನನ್ನು ಕರೆಸಿದ್ದ. ಬಸಪ್ಪ ದಾರ ಹಿಡಿದು ಗೋಡೆ ಅಳೆದ, ಹಳೆಯ ಒಲೆಯನ್ನು ಎಲ್ಲಿಂದ ಒಡೆಯಬೇಕೆಂದು ಕಾಲಿನಿಂದ ಗೆರೆ ಎಳೆದ. ಅಷ್ಟರಲ್ಲಿ ಪಾರ್ವತವ್ವ ನೀರಿನ ಕೊಡ ಇಳಿಸಲು ಒಳಗೆ ಬಂದಳು. ಬಸಪ್ಪ ಅವಳ ಸೆರಗಿನ ಕಡೆ ಒಮ್ಮೆ ನೋಡಿ ದಾರ ಸುತ್ತಿಕೊಂಡ.

"ಯಜಮಾನ್ರ, ಮೊದಲ ಹೇಳಬಾರದೇನ್ರಿ? ಬಸುರಿ ಹೆಂಗಸು ಇರೂ ಮನ್ಯಾಗ ನಾ ಒಲಿ ಒಡಿಯೂದಿಲ್ಲ. ನಾಳೆ ಕೂಸಿಗೆ ತುಟಿ ಸೀಳಿದ್ರ ನನ್ನ ಹೆಸರ ಹೇಳ್ತೀರಿ."

ಪಾರ್ವತವ್ವನಿಗೆ ಮೂರು ಸಲ ಹೊಟ್ಟೆಯಲ್ಲಿ ನಿಂತದ್ದು ಇಳಿದುಹೋಗಿತ್ತು. ಇದು ನಾಲ್ಕನೆಯದು. ಅವಳು ಬಾಗಿಲಿನ ಹತ್ತಿರವೇ ಬಿಳಚಿಕೊಂಡು ನಿಂತಳು. ಅಂದಾನಪ್ಪ ಅಕ್ಕನ ಮುಖ ನೋಡಿದ. ಮುರಿಗೆವ್ವ ತಾನೇ ಅಂದಳು, "ಇರಲಿ ಬಿಡಪಾ. ಕೂಸು ಬರಲಿ ಮೊದಲ. ಒಲಿ ಎಲ್ಲಿ ಓಡಿ ಹೊಕ್ಕೈತಿ."

ಹಾಗೆ ಶೇಗಡಿ ಪೆಟ್ಟಿಗೆಯ ಮೇಲೇರಿತ್ತು. ಬಡಗಿ ನಡುವೆ ತೂತಿದ್ದ ಸ್ಟೂಲೊಂದನ್ನು ಮಾಡಿಕೊಟ್ಟಿದ್ದರಿಂದ ಬಯಲಕಡೆಯ ತಾಪತ್ರಯ ಕಳೆದಿತ್ತು. ಲಿಂಗಪೂಜೆಯನ್ನೂ ಅವಳು ಮಂಚದ ಅಂಚಿನಲ್ಲಿ ಕುಳಿತೇ ಮಾಡುತ್ತಿದ್ದಳು. ದಿನದ ರೊಟ್ಟಿ ಹೇಗೋ ಸಾಗುತ್ತಿತ್ತು. ಹಬ್ಬದ ಅಡಿಗೆ ಬಂದಾಗ ಸಾಗಲಿಲ್ಲ.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಪಾರ್ವತವ್ವ ಒಲೆಯ ಬೂದಿ ತೆಗೆದು ಸಾರಿಸಿ, ವಿಭೂತಿ ಹಚ್ಚಿಟ್ಟಿದ್ದಳು. ಮುರಿಗೆವ್ವ ಶೇಗಡಿಗೆ ಇದ್ದಿಲು ಹಾಕಲು ಹೋದಾಗ ಪಾರ್ವತವ್ವ ಅಂದಳು, "ಅಕ್ಕಾರ, ಇವತ್ತು ಅದರ ಮ್ಯಾಲ ಬ್ಯಾಡ್ರಿ. ಭೂಮಿತಾಯಿ ಎಡಿ ಮನಿ ಒಲಿ ಮ್ಯಾಲನ ಆಗಬೇಕಲ್ರಿ. ಇದೊಂದು ವರ್ಷನಾದ್ರೂ..." ಅವಳ ಕೈ ತನಗೆ ಗೊತ್ತಿಲ್ಲದಂತೆ ಹೊಟ್ಟೆಯ ಮೇಲೆ ಹೋಯಿತು. "ನಾನ ಕುಂದ್ರತೇನ್ರಿ."

"ನೀ ಏಳ ಅಲ್ಲಿಂದ!" ಅಂದಾನಪ್ಪ ಹೊರಗಿನಿಂದಲೇ ಗದರಿದ. "ಹೊಟ್ಟಿ ಬೆಂಕಿಗೆ ಹಿಡಕೊಂಡು ಕುಂದ್ರತಾಳಂತ. ಮೂರು ಸಲ ಆಗಿದ್ದು ಸಾಲದಾ?"

ಅಕ್ಕಪಕ್ಕದ ಹೆಂಗಸರಿಗೆಲ್ಲ ಅವರವರ ಮನೆಯ ಒಲೆ ಉರಿಯುತ್ತಿತ್ತು. ನಾಗಿಯನ್ನು ಒಳಗೆ ಕರೆಯುವ ಪದ್ಧತಿಯಿರಲಿಲ್ಲ. ಅಂದಾನಪ್ಪ ಬಾಗಿಲಿನಲ್ಲಿ ನಿಂತಿದ್ದ, ಪಾರ್ವತವ್ವ ಗೋಡೆಗೆ ಆತು ನಿಂತಿದ್ದಳು. ಕೂಡು ಎಂದು ಇಬ್ಬರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮುರಿಗೆವ್ವ ಸ್ವಲ್ಪ ಹೊತ್ತು ಕಾದಳು. ಬೇಡ ಎನ್ನುತ್ತಾರೇನೋ ಎಂದು ಕಾದಳು.

"ಎರಡು ಮಣಿ ಕೊಡು ಪಾರೂ, ಒಂದರ ಮ್ಯಾಲೊಂದು ಇಟ್ಟ ಕುಂದ್ರತೇನಿ," ಎಂದಳು.

ಕಾಲು ಚಾಚಿ ಕುಳಿತರೆ ಹೆಂಚು ಕೈಗೆ ದೂರವಾಗುತ್ತಿತ್ತು. ಮೊದಲ ರೊಟ್ಟಿ ಸೀದಿತು. ಒಂದು ಮಣೆ ತೆಗೆದಳು. ಎರಡನೆಯದನ್ನೂ ತೆಗೆದಳು. ಮೊಣಕಾಲು ಮಡಿಚಿ, ಮೂವತ್ತು ವರ್ಷ ಕುಳಿತ ಹಾಗೆಯೇ ಕುಳಿತಾಗ ಎಲ್ಲವೂ ಕೈಗೆ ಬಂತು: ಹಿಟ್ಟು ಎಡಕ್ಕೆ, ನೀರು ಬಲಕ್ಕೆ, ಬೆಂಕಿ ಮುಖಕ್ಕೆ. ರೊಟ್ಟಿ ಉಬ್ಬಿ ಉಬ್ಬಿ ಬಂದವು. ಕುಂಬಳಕಾಯಿಯ ಪಲ್ಯ ಇಳಿಯಿತು, ಎಳ್ಳಿನ ಹೋಳಿಗೆ ಇಳಿಯಿತು, ಕಡಬು ಇಳಿಯಿತು. ಡಾಕ್ಟರು ಸುಮ್ಮನೆ ಹೆದರಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಬಹಳ ದಿನಗಳ ಮೇಲೆ ಅವಳು ಸಣ್ಣಗೆ ಏನೋ ಗುನುಗಿಕೊಂಡಳು. ಅದನ್ನು ಕೇಳಿ ಪಾರ್ವತವ್ವನಿಗೂ ಜೀವ ಹಗುರಾಯಿತು.

"ಏನ್ರಿ ಅಕ್ಕಾರ, ಹಾಡು ಸುರು ಆತು?"

"ನಿನ್ನ ಕೂಸಿಗೆ ಜೋಗುಳ ಕಲೀಬೇಕಲ್ಲ. ನಿನ್ನ ದನಿ ಕೇಳಿದ್ರ ಅದು ಎದ್ದ ಕುಂದ್ರತೈತಿ."

ಎಡೆಯ ಬುಟ್ಟಿಗೆ ಕೊನೆಯ ಕಡಬು ಇಟ್ಟು, ಒಲೆಯ ದಂಡೆ ಹಿಡಿದು, ಮುಂದಕ್ಕೆ ಬಾಗಿ, ಸ್ವಲ್ಪ ಓರೆಯಾಗಿ ಏಳಲು ಹೋದಳು. ಸೊಂಟದೊಳಗೆ ಗಡಿಗೆಯ ಮುಚ್ಚಳ ಜಾರಿದಂಥ ಸದ್ದಾಯಿತು. ಹೊರಗಿದ್ದ ನಾಗಿಗೂ ಅವಳ ಕೂಗು ಕೇಳಿತು. ನೋಡಿದರೆ ಕಾಲು ಗೇಣುದ್ದ ಗಿಡ್ಡವಾದಂತೆ, ಮೊಣಕಾಲು ಒಳಕ್ಕೆ ತಿರುಗಿ ಇನ್ನೊಂದು ಕಾಲಿನ ಮೇಲೆ ಬಿದ್ದಿತ್ತು.

ಎಡೆ ನಿಲ್ಲಿಸುವ ಹಾಗಿರಲಿಲ್ಲ. ಅಂದಾನಪ್ಪ ಬುಟ್ಟಿ ಹೊತ್ತುಕೊಂಡು ಹೋದ. ಅಡಿಗೆಮನೆಯ ನೆಲದ ಮೇಲೆ ಬಿದ್ದುಕೊಂಡೇ ಮುರಿಗೆವ್ವ ಗದ್ದೆಯ ಕಡೆಯಿಂದ ಬರುತ್ತಿದ್ದ ಎಡೆಯ ಚರಗ ಚೆಲ್ಲುವವರ ಕೂಗು ಕೇಳಿದಳು. ಅದರಲ್ಲಿ ತಮ್ಮನ ದನಿ ಯಾವುದೆಂದು ಅವಳಿಗೆ ತಿಳಿಯಿತು.

ಆಸ್ಪತ್ರೆಗೆ ಒಯ್ಯುವುದೆಂದರೆ ಉಳಿದಿದ್ದ ಬಲಗಡೆಯ ಎತ್ತೂ ಹೋಗಬೇಕು, ಎದುರಿಗೆ ಸುಗ್ಗಿ. ಅಂದಾನಪ್ಪ ಮತ್ತೆ ಚೌಡನನ್ನು ಕರೆಸಿದ. ಚೌಡ ಸೊಂಟ ಮುಟ್ಟಿ ನೋಡಿದ, ಹಿಂದಕ್ಕೆ ಮುಟ್ಟಿದ, ಹುಬ್ಬು ಗಂಟಿಕ್ಕಿದ.

"ಒಳಗ ಎಲುವಿಲ್ಲ ಯಜಮಾನ್ರ, ಗುಂಡೈತಿ. ಕೈಗೆ ಹತ್ತವಲ್ದು."

"ಗುಂಡಾದರೇನು ಎಲುವಾದರೇನು, ಜಾರಿದ್ದನ್ನ ಕುಂದ್ರಸೂದು ನಿನ್ನ ಕಸಬು ಅಲ್ಲೇನ? ಜಗ್ಗು."

ಚೌಡ ಜಗ್ಗಿದ. ನಾಲ್ಕು ಜನ ಹಿಡಿದುಕೊಂಡರು. ಗುಂಡು ಕೂರಲಿಲ್ಲ. ಬರಿಗೈಯಲ್ಲಿ ಹೋಗಲು ಅವನಿಗೆ ನಾಚಿಕೆಯಾಯಿತೋ ಏನೋ, ಬಾವು ಇಳಿಯಲಿ ಎಂದು ಸೊಪ್ಪು ಅರೆದು ಬಿಸಿಬಿಸಿ ಪಟ್ಟು ಹಾಕಿದ. ಪಟ್ಟು ತೆಗೆದಾಗ ಆಪರೇಶನ್ನಿನ ಹಳೆಯ ಗಾಯದ ಮೇಲೆಲ್ಲ ಬೊಕ್ಕೆ ಎದ್ದಿದ್ದವು. ದೀಪಾವಳಿಯ ಹೊತ್ತಿಗೆ ಬೊಕ್ಕೆಗಳು ಒಡೆದು, ಗಾಯದ ಒಂದು ತುದಿಯಲ್ಲಿ ಸಣ್ಣ ಬಾಯಿ ಬಿಟ್ಟಿತು. ಅದರಿಂದ ಕೀವು ಬರತೊಡಗಿತು. ಒರೆಸಿದಷ್ಟೂ ಬಂತು.

ಹಳೆಯ ಭತ್ತದ ಚೀಲ ಹೇರಲು ಬಂದ ಶಫಿ ಹಿತ್ತಲಿನಲ್ಲಿ ನೀರು ಕುಡಿಯುವಾಗ ವಾಸನೆ ಹಿಡಿದ. ಅವನು ಮುರಿಗೆವ್ವನ ರೊಟ್ಟಿ ತಿನ್ನದೆ ಈ ಊರಿನಿಂದ ಲಾರಿ ಹೊರಡಿಸಿದವನಲ್ಲ. ಜಗಲಿಯ ಮೂಲೆಯಲ್ಲಿ ಚಾಪೆಯ ಮೇಲಿದ್ದವಳನ್ನು ನೋಡಿ ಹತ್ತಿರ ಹೋದ.

"ಮುರಿಗಮ್ಮಾ, ಇದೇನು ಹಾಲತ್ ಮಾಡ್ಕೊಂಡಿದೀಯ?"

"ರೊಟ್ಟಿ ಇಲ್ಲಪಾ ಇವತ್ತು ನಿನಗ."

"ರೊಟ್ಟಿಗೆ ಬೆಂಕಿ ಬಿತ್ತು." ಅವನು ಅಂದಾನಪ್ಪನ ಕಡೆ ತಿರುಗಿದ. "ಯಜಮಾನ್ರೇ, ನಾಳೆ ನಸುಕಿಗೆ ಹುಬ್ಬಳ್ಳಿಗೆ ಲೋಡ್ ಐತೆ. ಚೀಲದ ಮೇಲೆ ಹಾಸಿಗೆ ಹಾಸ್ತೀನಿ. ನನಗೇನೂ ಕೊಡಬೇಡಿ. ಬರೋದಿದ್ರೆ ಬನ್ನಿ, ಇಲ್ಲಾಂದ್ರೆ ನಾನೊಬ್ಬನೇ ಕರಕೊಂಡು ಹೋಗ್ತೀನಿ."

ಅಂದಾನಪ್ಪನಿಗೆ ಆ ಮಾತು ಚುಚ್ಚಿತು. "ನನ್ನ ಅಕ್ಕನ್ನ ನೀ ಯಾಕ ಒಯ್ತೀ? ನಾ ಸತ್ತೇನೇನು?" ಎಂದ. ಮರುದಿನ ಹೊರಟ.

ದಾರಿಯುದ್ದಕ್ಕೂ ಅವಳು ಚೀಲಗಳ ಮೇಲೆ ಮಲಗಿ ಆಕಾಶ ನೋಡುತ್ತಿದ್ದಳು. ಯಲ್ಲಾಪುರದ ರಸ್ತೆ ಕೂಡುವಲ್ಲಿ ಶಫಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯ ಮುಂದೆ ಜನ ಚೀನಾದ ಲಡಾಯಿಯ ಸುದ್ದಿ ಮಾತಾಡುತ್ತಿದ್ದರು. ಶಫಿ ಬಟ್ಟಲು ತಂದು ಅವಳ ಕೈಗೆ ಕೊಟ್ಟ.

"ಶಫಿ, ಗುಂಡು ಮತ್ತ ಕುಂದ್ರತೈತೇನ?"

"ಕೂರತ್ತೆ ಕೂರತ್ತೆ. ಲಾರಿ ಆಕ್ಸಲ್ ಕಿತ್ತೋದ್ರೆ ಮೇಸ್ತ್ರಿ ಕೂರಿಸಲ್ವಾ?"

"ಲಾರಿಗೆ ಕೀವಾಗೂದಿಲ್ಲಲ್ಲೋ," ಎಂದಳು ಅವಳು. ಶಫಿ ಬಟ್ಟಲು ತೆಗೆದುಕೊಂಡು ಹೋದ.

ಡಾಕ್ಟರು ಅವಳ ಗುರುತು ಹಿಡಿದರು. ಗಾಯದ ಬಾಯಿಯೊಳಗೆ ಸಲಾಕಿ ಇಳಿಸಿದಾಗ ಅದು ಒಳಗೆಲ್ಲೋ ಉಕ್ಕಿಗೆ ತಾಗಿ ಟಿಣ್ ಎಂದಿತು. ಆ ಸದ್ದು ಕೇಳಿ ಅವರು ಸಲಾಕಿಯನ್ನು ತಟ್ಟೆಗೆ ಹಾಕಿ ಕೈ ತೊಳೆದುಕೊಂಡರು.

"ಜಾರಿದ ದಿನಾನ ಬಂದಿದ್ರ ನಿದ್ದಿಗೆ ಹಾಕಿ ಜಗ್ಗಿ ಕೂಡಸ್ತಿದ್ದೆ. ಅರ್ಧ ತಾಸಿನ ಕೆಲಸ. ಈಗ ಕೀವು ಗುಂಡಿನ ಬುಡಕ್ಕ ಇಳದೈತಿ. ಇಂಜೆಕ್ಷನ್ ಎಷ್ಟ ಕೊಟ್ರೂ ಆ ಉಕ್ಕು ಒಳಗಿರೂತನಕ ಕೀವು ನಿಂದ್ರೂದಿಲ್ಲ. ತೆಗಿಯಾಕ ಬೇಕು."

"ತೆಗೆದು ಬ್ಯಾರೇದು ಹಾಕ್ತೀರೇನ್ರಿ?" ಎಂದು ಅಂದಾನಪ್ಪ ಕೇಳಿದ.

"ಇಲ್ಲ. ಕೀವಾದ ಜಾಗದಾಗ ಹಾಕಿದ್ರ ಅದಕ್ಕೂ ಕೀವ. ಖಾಲಿ ಬಿಡೂದು. ಒಳಗ ಮಾಂಸ ಗಟ್ಟಿಯಾಗಿ ತುಂಬಿಕೊಳ್ತೈತಿ. ಕಾಲು ಗಿಡ್ಡಾಗತೈತಿ. ಕಂಕುಳಾಗ ಕೋಲಿಲ್ಲದ ನಿಂದರಾಕ ಬರೂದಿಲ್ಲ." ಅವರು ಮುರಿಗೆವ್ವನ ಕಡೆ ತಿರುಗಿ, ಏನಾದರೂ ಒಳ್ಳೆಯದು ಹೇಳಬೇಕೆಂಬಂತೆ, "ಆದರ ಒಂದು ಲಾಭ ಐತಿ ತಾಯಿ. ಗುಂಡಾ ಇಲ್ಲ ಅಂದಮ್ಯಾಲೆ ಜಾರೂ ಅಂಜಿಕಿಲ್ಲ. ಇನ್ನ ನೆಲಕ್ಕ ಕೂಡಬಹುದು, ಕುಕ್ಕರಗಾಲಿಲೆ ಕೂಡಬಹುದು," ಎಂದರು.

ಮುರಿಗೆವ್ವ ನಕ್ಕುಬಿಟ್ಟಳು. ಜ್ವರದಲ್ಲಿ ಬಾಯಿ ಒಣಗಿದ್ದರಿಂದ ನಗೆ ಕೆಮ್ಮಾಯಿತು.

"ಯಾಕ ತಾಯಿ?"

"ಏನಿಲ್ರಿ. ಹುಣ್ಣಿಮೀಗೆ ಮೊದಲ ಕೊಟ್ಟಿದ್ರ ಚೊಲೋ ಇತ್ತು ಈ ಪರವಾನಗಿ."

ಗುಂಡು ತೆಗೆದರು. ಕಾಲಿಗೆ ಹಗ್ಗ ಕಟ್ಟಿ, ಹಾಸಿಗೆಯ ತುದಿಯಲ್ಲಿ ಗಾಲಿಯ ಮೇಲಿಂದ ಮರಳಿನ ಚೀಲ ಇಳಿಬಿಟ್ಟು, ವಾರಗಟ್ಟಲೆ ಮಲಗಿಸಿದರು. ಸುಗ್ಗಿ ಇತ್ತೆಂದು ಅಂದಾನಪ್ಪ ಊರಿಗೆ ಹೋದ. ಶಫಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಸುದ್ದಿ ಕೊಡುತ್ತಿದ್ದ. ಸಂಕ್ರಾಂತಿಯ ಮರುದಿನ ಪಾರ್ವತವ್ವ ಹಡೆದಳೆಂದೂ, ಗಂಡುಮಗುವೆಂದೂ, ತುಟಿ ಮೂಗು ಎಲ್ಲ ನೆಟ್ಟಗಿದೆಯೆಂದೂ ಅವನೇ ಹೇಳಿದ. ಮುರಿಗೆವ್ವ ಎರಡೂ ಕೈ ಜೋಡಿಸಿ ಕೊರಳಿನ ಲಿಂಗಕ್ಕೆ ಒತ್ತಿಕೊಂಡಳು. ಆ ಸಂತೋಷದಲ್ಲಿ ಹುಳಿಯಿರಲಿಲ್ಲ. ಕೀವು ಕಡಿಮೆಯಾಗುತ್ತ ಬಂದು, ಕೊನೆಗೆ ಗಾಯದ ಬಾಯಿ ಮುಚ್ಚಿತು. ಹೊರಡುವ ದಿನ ನರ್ಸು ಉಕ್ಕಿನ ಗುಂಡನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಬೇಕಾದರೆ ಒಯ್ಯಿರಿ, ನಿಮ್ಮದೇ, ಎಂದಳು.

ಶಿವರಾತ್ರಿಯ ಮರುದಿನ ಅವಳು ಮನೆಗೆ ಬಂದಳು. ಅಂಗಳದ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಪಾರ್ವತವ್ವ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಅಂದಾನಪ್ಪನ ಮುಖದಲ್ಲಿ ಏನೋ ಬಚ್ಚಿಟ್ಟುಕೊಂಡವನ ಸಡಗರ ಕಾಣುತ್ತಿತ್ತು.

"ಅಕ್ಕಾ, ಒಳಗ ಬಾ. ಕೂಸನ್ನ ಆಮ್ಯಾಲ ಆಡಸೂವಂತಿ. ಮೊದಲ ಒಳಗ ಬಾ."

ಕಂಕುಳಿನ ಕೋಲು ಊರಿಕೊಂಡು ಹೊಸ್ತಿಲು ದಾಟಿದಳು. ಹಳೆಯ ಒಲೆಯಿದ್ದ ಜಾಗ ಸಮತಟ್ಟಾಗಿ ಸಾರಿಸಿತ್ತು. ಗೋಡೆಗೆ ಹೊಂದಿ ನಡುಮಟ್ಟದ ಕಟ್ಟೆ ಎದ್ದಿತ್ತು. ಅದರ ಮೇಲೆ ಎರಡು ಬಾಯಿಯ ಒಲೆ, ಪಕ್ಕದಲ್ಲಿ ರೊಟ್ಟಿ ಬಡಿಯಲು ನುಣುಪಾದ ಕಲ್ಲು, ಕೆಳಗೆ ಕಟ್ಟಿಗೆಗೆ ಗೂಡು. ಕೆಮ್ಮಣ್ಣು ಬಳಿದು ಅಂಚಿಗೆ ಬಿಳಿಯ ರಂಗೋಲಿ ಎಳೆದಿದ್ದರು.

"ಬಾಣಂತಿ ನೀರು ಹಾಕಿದ ಮರುದಿನಾನ ಬಸಪ್ಪನ್ನ ಕರಸಿದೆ," ಎಂದ ಅಂದಾನಪ್ಪ. "ಊರಾಗ ಇಂಥಾ ಒಲಿ ಯಾರ ಮನ್ಯಾಗೂ ಇಲ್ಲ. ನೋಡು, ಮಾತು ಉಳಿಸಿಕೊಂಡೆ. ನಿನ್ನ ಋಣ ತೀರತಲ್ಲ?"

ಅವನ ಕಣ್ಣಿನಲ್ಲಿ ನೀರಿತ್ತು. ಮುರಿಗೆವ್ವ ಒಲೆಯ ಹತ್ತಿರ ಹೋದಳು. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಕಲ್ಲನ್ನು ಸವರಿದಳು. ಹಿಟ್ಟು ನಾದಬೇಕೆಂದರೆ ಎರಡೂ ಕೈ ಬೇಕು. ಸೊಂಟ ಒಳಗೊಳಗೇ ಮೇಲಕ್ಕೆ ಸರಿಯಿತು, ಮೈ ಒಂದು ಪಕ್ಕಕ್ಕೆ ವಾಲಿತು. ಬೀಳದಂತೆ ಕಟ್ಟೆಯ ಅಂಚು ಹಿಡಿದು ನಿಂತಳು. ಪಾರ್ವತವ್ವ ಓಡಿಬಂದು ಕೋಲು ಕೊಟ್ಟಳು.

"ರೂಢಿ ಆಗತೈತಿ ಬಿಡು," ಎಂದ ಅಂದಾನಪ್ಪ. "ಡಾಕ್ಟರನ ಹೇಳಿಲ್ಲೇನು, ನಿಂತ ಮಾಡಬೇಕು ಅಂತ."

"ಹೇಳಿದ್ರಪಾ."

ಅವಳು ಸೊಂಟದ ಗಂಟಿನಿಂದ ಬಟ್ಟೆಯ ಪೊಟ್ಟಣ ತೆಗೆದು ಬಿಚ್ಚಿ, ಉಕ್ಕಿನ ಗುಂಡನ್ನು ಅವನ ಅಂಗೈಗೆ ಹಾಕಿದಳು. ಅದರ ಭಾರಕ್ಕೆ ಅವನ ಕೈ ಸ್ವಲ್ಪ ಇಳಿಯಿತು.

"ನಿನ್ನ ಒಲಿ ಮುಂದ ನಿಂದರಾಕ ಇದಕ್ಕ ಬರತಿತ್ತು ನೋಡು ತಮ್ಮಾ. ಋಣ ಇದಕ್ಕ ತೀರಸು."

ಅಂದಾನಪ್ಪ ಗುಂಡನ್ನು ನೋಡಿದ, ಅಕ್ಕನನ್ನು ನೋಡಿದ. ಅವನಿಗೆ ಮಾತು ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಖ ಬಿಗಿಯಾಯಿತು. "ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು ನಿಮ್ಮ ಕೂಡ," ಎಂದು ಗುಂಡನ್ನು ಒಲೆಯ ಪಕ್ಕದ ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದ. ಸಂಜೆ ಬಂದ ಅಯ್ಯನವರಿಗೂ ಓಣಿಯವರಿಗೂ ಅವನೇ ಒಲೆ ತೋರಿಸಿದ. ಅಕ್ಕನ ಸಲುವಾಗಿ ಕಟ್ಟಿಸಿದ್ದು ಎಂದ. ಎಲ್ಲರೂ ಹೊಗಳಿದರು.

ಮರುದಿನದಿಂದ ಹೊಸ ಒಲೆಯ ಮುಂದೆ ಪಾರ್ವತವ್ವ ನಿಂತಳು. ಬೆನ್ನು ಬಾಗದೆ ಬಲು ಆರಾಮ ಎಂದಳು, ಅದು ನಿಜವೂ ಆಗಿತ್ತು. ಕೂಸು ಅತ್ತಾಗ, "ಅಕ್ಕಾರ, ತೊಟ್ಟಿಲ ತೂಗರಿ. ನೀವ್ಯಾಕ ಕೆಲಸ ಮಾಡ್ತೀರಿ, ಸುಮ್ನ ಕುಂದರ್ರಿ," ಎಂದಳು. ಪ್ರೀತಿಯಿಂದಲೇ ಅಂದಳು.

ಮುರಿಗೆವ್ವ ಕೂಸು ಮಲಗುವವರೆಗೆ ತೂಗಿದಳು. ಆಮೇಲೆ ಕೋಲು ಊರಿಕೊಂಡು ಹಿತ್ತಲಿಗೆ ಹೋಗಿ ನಾಗಿಯಿಂದ ಮೂರು ಕಲ್ಲು ತರಿಸಿದಳು.

"ಇಲ್ಯಾಕವ್ವಾ, ಒಳಗ ರಾಣಿ ಒಲಿ ಕಟ್ಸ್ಯಾರಲ್ಲ?"

"ಅದು ನಿಂದರಾಕ ಬರಾವ್ರಿಗೆ. ಆಳಿನ ರೊಟ್ಟಿ ಯಾರು ಬಡೀಬೇಕು? ಪಾರೂನ ಕೇಳಿ ಹಿಟ್ಟು, ಹೆಂಚು ಇಸಕೊಂಬಾ."

ಕಲ್ಲುಗಳ ಮುಂದೆ ಅವಳು ಕುಕ್ಕರಗಾಲಿನಲ್ಲಿ ಕುಳಿತಳು. ಕಾಲು ಹೇಗೆ ಮಡಿಚಿದರೂ ಹೋಯಿತು, ಒಳಗೆ ಜಾರುವುದಕ್ಕೆ ಏನೂ ಉಳಿದಿರಲಿಲ್ಲ. ಹಸಿ ಕಟ್ಟಿಗೆ ಹೊಗೆ ಹಾಕಿತು. ಅಂದಾನಪ್ಪ ಗದ್ದೆಗೆ ಹೋಗುವಾಗ ಹಿತ್ತಲಿನ ಬಾಗಿಲಲ್ಲಿ ಒಂದು ಕ್ಷಣ ನಿಂತ. ಅವಳು ತಲೆ ಎತ್ತದೆ ಮೊದಲ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದಳು. ಅವನು ಬಾಗಿಲ ಪಕ್ಕದ ಕಟ್ಟೆಯ ಮೇಲಿದ್ದ ಕುಡುಗೋಲು ತೆಗೆದುಕೊಂಡು ಹೋದ.